ಅಣ್ಣನ ಕಾರು ಎಡಕ್ಕೆ ವಾಲಿದ್ದು

ಅಣ್ಣನ ಹೊಟ್ಟೆಯಲ್ಲಿ ಗಡ್ಡೆ ಬೆಳೆಯುತ್ತಿರುವುದು ಅವನೊಬ್ಬನಿಗೇ ಗೊತ್ತಿದ್ದ ದಿನಗಳವು. ಬೇಗ ಆಪರೇಷನ್ ಮಾಡಿಸಿಕೊಂಡರೆ ಉಳಿಯುತ್ತೀರಿ, ತಡ ಮಾಡಿದರೆ ನಮ್ಮ ಕೈಯಲ್ಲಿ ಇರುವುದಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ತಲೆಯಾಡಿಸಿ ಬಂದವನು ಯಾರ ಹತ್ತಿರವೂ ತುಟಿ ಬಿಚ್ಚಲಿಲ್ಲ. ಹೆಂಡತಿಗೆ ಹೇಳಲಿಲ್ಲ, ಒಡಹುಟ್ಟಿದ ನನಗೂ ಹೇಳಲಿಲ್ಲ. ಎಲ್ಲರ ಕಣ್ಣಿಗೂ ಮಣ್ಣೆರಚಿದ. ಅವನಿಗೆ ಏಮಾರಿಸಲು ಆಗದೆ ಹೋದದ್ದು ಅವನ ಹಳೇ ಕಾರನ್ನು ಮಾತ್ರ. ಆ ಕಾರು ನನ್ನ ಶೆಡ್ಡಿಗೇ ಬಂದು ನಿಂತು ವಿಷಯ ಹೇಳಿತು. ನನಗೆ ಮಾತ್ರ ಅದು ನನ್ನ ಕೆಲಸಕ್ಕೆ ಹೆಸರಿಟ್ಟ ಹಾಗೆ ಕೇಳಿಸಿತು.

ಅಣ್ಣ ದರ್ಜಿ. ಮುಖ್ಯ ರಸ್ತೆ ಬಿಟ್ಟು ಎರಡನೇ ತಿರುವಿನಲ್ಲಿ, ಕೀಲಿ ಮಾಡುವವನ ಪಕ್ಕದ ಅಂಗಡಿ. ಗಂಡಸರ ಕೋಟು ಪ್ಯಾಂಟು ಬಿಟ್ಟು ಬೇರೇನೂ ಹೊಲಿಯುತ್ತಿರಲಿಲ್ಲ. ನಾನು ಗಾಡಿಗಳ ಕೆಳಭಾಗದವನು: ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ಕೀಲಿಗೆ ಹಾಕುವ ರಬ್ಬರ್ ಬುಷ್ಷು. ಎಂಜಿನ್ನಿನ ಕಡೆ ತಲೆ ಹಾಕುವವನಲ್ಲ. ಚಿಕ್ಕಂದಿನಲ್ಲಿ ಬೀದಿಯವರು ನಮ್ಮನ್ನು ಡ್ರಮ್ಮು, ಕೋಲು ಎಂದು ಕರೆಯುತ್ತಿದ್ದರು. ಡ್ರಮ್ಮು ಅವನು. ಬಸ್ಸಿನಲ್ಲಿ ಅವನ ಪಕ್ಕ ಕೂತವರು ಅರ್ಧ ಸೀಟಿಗೆ ಪೂರ್ತಿ ಟಿಕೆಟ್ ಕೊಟ್ಟೆವಲ್ಲ ಎಂದು ಗೊಣಗುತ್ತಿದ್ದರು. ಕೋಪದಲ್ಲಿ ಮಾತ್ರ ನಾನೇ ದೊಡ್ಡವನು. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅವನ ಕೋಪ ಎಲ್ಲಿತ್ತೋ ಕಂಡವರಿಲ್ಲ.

ಕಾರು ಎರಡು ಬಾಗಿಲಿನದು, ನಮ್ಮಿಬ್ಬರ ಮದುವೆಗಿಂತ ಹಳೆಯದು. ಅದರ ಸ್ಪ್ರಿಂಗುಗಳು ಸುಸ್ತಾಗಿ ಕೂತುಬಿಟ್ಟಾಗ ನಾನೇ ನಾಲ್ಕು ಮೂಲೆಗೂ ಕಾಯಿಲ್‌ಓವರ್ ಹಾಕಿಕೊಟ್ಟಿದ್ದೆ. ಕಾಯಿಲ್‌ಓವರ್ ಅಂದರೆ ಬ್ರಹ್ಮವಿದ್ಯೆಯೇನಲ್ಲ. ಶಾಕ್ ಅಬ್ಸಾರ್ಬರಿನ ಕೊಳವೆಯ ಮೇಲೇ ಸ್ಪ್ರಿಂಗು ತೊಡಿಸಿರುತ್ತಾರೆ. ಕೊಳವೆಯ ಹೊರಮೈಗೆ ಸ್ಕ್ರೂವಿಗಿರುವಂಥ ಥ್ರೆಡ್ ಇರುತ್ತದೆ, ಅದರ ಮೇಲೊಂದು ಬಳೆ, ಆ ಬಳೆಯ ಮೇಲೆ ಸ್ಪ್ರಿಂಗು ಕೂರುತ್ತದೆ. ಕೊಕ್ಕೆಯಂಥ ಸ್ಪ್ಯಾನರ್ ಹಾಕಿ ಬಳೆಯನ್ನು ಮೇಲಕ್ಕೆ ತಿರುಗಿಸಿದರೆ ಗಾಡಿಯ ಆ ಮೂಲೆ ಏಳುತ್ತದೆ, ಕೆಳಕ್ಕೆ ತಿರುಗಿಸಿದರೆ ಇಳಿಯುತ್ತದೆ. ಅದು ಸಡಿಲವಾಗದಂತೆ ಕೆಳಗಿನಿಂದ ಇನ್ನೊಂದು ಬಳೆ, ಬೀಗದ ಬಳೆ, ಬಿಗಿಯುತ್ತೇವೆ. ಅಷ್ಟೇ. ಆದರೆ ಕುಂಟುವ ಸ್ಟೂಲಿನ ಒಂದು ಕಾಲಿಗೆ ರಟ್ಟು ಇಟ್ಟರೆ ಬೇರೆ ಕಾಲು ಎದ್ದು ನಿಲ್ಲುತ್ತದಲ್ಲ, ಇದೂ ಹಾಗೇ. ಒಂದು ಮೂಲೆ ಮುಟ್ಟಿದರೆ ನಾಲ್ಕನ್ನೂ ಮತ್ತೆ ಅಳೆಯಬೇಕು. ಅದಕ್ಕೆ ತಾಳ್ಮೆ ಬೇಕು. ನನಗಿರುವ ತಾಳ್ಮೆಯೆಲ್ಲ ಅಲ್ಲೇ ಖರ್ಚಾಗುತ್ತದೆ, ಮನೆಗೆ ಉಳಿಯುವುದಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ.

ಇನ್ನೊಂದು ಮಾತು. ಗಾಡಿ ತಾನಾಗಿ ಓಡಾಡುವುದಿಲ್ಲ, ಒಳಗೆ ಜನ ಕೂತಿರುತ್ತಾರೆ. ಹಾಗಾಗಿ ಸೀಟಿನ ಮೇಲೆ ಅವರ ತೂಕ ಇಟ್ಟೇ ನಾನು ಎತ್ತರ ಹೊಂದಿಸುವುದು. ಮಾಲೀಕರನ್ನೇ ಕೂರಿಸೋಣವೆಂದರೆ ಫೋನು ಬಂತು ಎಂದು ಇಳಿಯುತ್ತಾರೆ, ಕಾಲು ಜೋಮು ಹಿಡಿಯಿತು ಎಂದು ಹೊರಳಾಡುತ್ತಾರೆ. ಅದಕ್ಕೆ ಮರಳಿನ ಚೀಲಗಳನ್ನು ಮಾಡಿಸಿಕೊಂಡಿದ್ದೇನೆ, ಒಂದೊಂದೂ ಹತ್ತು ಕಿಲೋ. ಕೋಟಿನ ಒಳಗೆ ಹಾಕುವ ದಪ್ಪ ಕ್ಯಾನ್ವಾಸಿನಲ್ಲಿ ಎರಡೆರಡು ಹೊಲಿಗೆ ಹಾಕಿ, ಎತ್ತಲು ಹಿಡಿಯಿಟ್ಟು ಅಣ್ಣನೇ ಹೊಲಿದುಕೊಟ್ಟದ್ದು. ಚೀಲಗಳು ಬಾಯಿ ಮುಚ್ಚಿಕೊಂಡು ಕೂರುತ್ತವೆ.

ಅಣ್ಣನ ಕಾರಿಗೆ ಎರಡು ಸೀಟಿಗೂ ಚೀಲ ಇಡುತ್ತಿದ್ದೆ. ಯಾಕೆಂದರೆ ಅವನು ಒಬ್ಬನೇ ಹೋಗುವುದು ಅಪರೂಪ. ಅತ್ತಿಗೆಗೆ ಬಸ್ ಡಿಪೋದ ಟಿಕೆಟ್ ಕೌಂಟರಿನಲ್ಲಿ ಕೆಲಸ, ಬೆಳಕು ಹರಿಯುವ ಮುಂಚೆ ಹೊರಡಬೇಕು. ಅವನೇ ಬಿಟ್ಟುಬರುವುದು, ಕರೆದುಕೊಂಡು ಬರುವುದು. ಬಲಕ್ಕೆ ಅವನದು ಹತ್ತು ಚೀಲ, ಎಡಕ್ಕೆ ಅವರದು ಆರು. "ಮನೆ ಮಂದಿಗೆಲ್ಲ ಗೊತ್ತಾಗೋ ಹಾಗೆ ನನ್ನ ತೂಕಾನ ಸೀಟ್ ಮೇಲೆ ಪೇರಿಸಿಡ್ತಾನೆ ನೋಡಿ ನನ್ನ ಮೈದುನ" ಎಂದು ಅತ್ತಿಗೆ ಬಂದವರ ಮುಂದೆಲ್ಲ ನಗುತ್ತಿದ್ದರು.

ಬೇಸಿಗೆ ಕಾಲಿಡುವ ಹೊತ್ತಿಗೆ ಒಂದು ದಿನ ಅಣ್ಣ ಒಬ್ಬನೇ ಬಂದ. ಕಾರನ್ನು ನೇರ ಒಳಗೇ ತಂದು ನಿಲ್ಲಿಸಿ ಇಳಿದ. ಮೈಮೇಲೆ ಕೋಟು, ಮುಖದ ತುಂಬ ಗಡ್ಡ.

"ಏನಣ್ಣ, ಸನ್ಯಾಸ ತಗೊಂಡ್ಯಾ? ಈ ಸೆಖೇಲಿ ಕೋಟು ಬೇರೆ."

"ದರ್ಜಿ ಕೋಟು ಹಾಕ್ದೇ ಇದ್ರೆ ಗಿರಾಕಿಗಳು ಯಾಕೆ ಹಾಕ್ತಾರೆ? ಅದಿರ್ಲಿ, ನಿನ್ನ ಕೆಲಸ ನೋಡು. ನಿಮ್ಮತ್ತಿಗೆ ಕೂತಾಗ ಗಾಡಿ ಎಡಗಡೆಗೆ ವಾಲ್ತಿದೆ."

ನನ್ನ ಕೆಲಸ ಎಂದದ್ದೇ ನನಗೆ ಚುರುಕ್ ಎಂದಿತು. ಮೊದಲು ಚಕ್ರಗಳ ಗಾಳಿ ನೋಡಿದೆ, ಸರಿಯಿತ್ತು. ಟಾರ್ಚು ಹಿಡಿದು ಕೆಳಗೆ ಹೊಕ್ಕೆ. ಬಳೆಗಳನ್ನು ಬಿಗಿದ ಮೇಲೆ ಬಳೆಗೂ ಕೊಳವೆಗೂ ಸೇರಿಸಿ ಒಂದು ಬಿಳಿ ಗೆರೆ ಎಳೆದಿರುತ್ತೇನೆ. ಬಳೆ ಸರಿದಿದ್ದರೆ ಗೆರೆ ಮುರಿದಿರಬೇಕು. ನಾಲ್ಕೂ ಗೆರೆ ಇಟ್ಟಲ್ಲೇ ಇದ್ದವು. ಸ್ಪ್ರಿಂಗು ತುಂಡಾಗಿರಲಿಲ್ಲ, ಬುಷ್ಷು ಹರಿದಿರಲಿಲ್ಲ. ಎದ್ದು ಬಂದು, ಗಾಡಿಯೊಳಗೆ ಕೂತ್ಕೋ ಎಂದೆ. ಅಳತೆ ಹಿಡಿಯುವಷ್ಟು ಹೊತ್ತು ಕೂತರೆ ಸಾಕಿತ್ತು.

"ನನಗೆ ಅಂಗಡೀಲಿ ಕೆಲಸ ಇದೆ. ಹೇಗೂ ಚೀಲ ಇದಾವಲ್ಲ, ಇಡು."

"ಸಣ್ಣ ಆಗಿದೀಯ. ಹತ್ತೇ ಇಡ್ಲಾ?"

"ಸಕ್ಕರೆ ಬಿಟ್ಟಿದೀನಿ ಅಂತ ನಿಮ್ಮತ್ತಿಗೆ ಊರಿಗೆಲ್ಲ ಡಂಗುರ ಹೊಡೀತಿದಾಳೆ. ನಾಲ್ಕು ಚಮಚ ಸಕ್ಕರೆ ಬಿಟ್ರೆ ಒಂದು ಚೀಲ ಇಳೀತದಾ? ಹತ್ತೇ ಇಡು."

ಹತ್ತು ಇಟ್ಟೆ, ಎಡಕ್ಕೆ ಆರು ಇಟ್ಟೆ. ಗಾಡಿಯನ್ನು ಎರಡು ಸಲ ಹಿಂದೆ ಮುಂದೆ ತಳ್ಳಿ, ಮೂಲೆಗಳನ್ನು ಒತ್ತಿ ಬಿಟ್ಟು, ಸ್ಪ್ರಿಂಗು ಕೂತ ಮೇಲೆ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿದೆ. ಎಡಕ್ಕೂ ಬಲಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿರಲಿಲ್ಲ. ಅವನನ್ನು ಕರೆದು ತೋರಿಸಿದೆ.

ಅವನು ಟೇಪನ್ನು ನೋಡಿದ. ದರ್ಜಿಗೆ ಟೇಪು ಓದುವುದನ್ನು ನಾನು ಕಲಿಸಬೇಕಾಗಿರಲಿಲ್ಲ. "ಆದ್ರೂ ಬಲಗಡೆ ಒಂಚೂರು ಇಳಿಸು" ಎಂದ.

"ಸರಿ ಇರೋದನ್ನ ಯಾಕೆ ಕೆಡಿಸ್ಲಿ?"

"ನಾನು ಹೇಳ್ತಿದೀನಲ್ಲ. ಓಡಿಸೋನಿಗೆ ಗೊತ್ತಾಗ್ತದೆ."

"ಗಿರಾಕಿ ಬಂದು ಒಂದು ತೋಳು ಉದ್ದ ಇಡು ಅಂದ್ರೆ ಇಡ್ತೀಯಾ ನೀನು?"

ಅವನು ವಾದ ಮಾಡಲಿಲ್ಲ. ನಾನು ಹೇಳಿದ್ದಕ್ಕೆ ನಕ್ಕು, ಚೀಲಗಳನ್ನು ನಾನು ಇಳಿಸುವವರೆಗೂ ಗೋಡೆಗೆ ಒರಗಿ ನಿಂತಿದ್ದು, ಹೊರಟುಹೋದ. ಮುಂಚೆಯೆಲ್ಲ ಚೀಲ ಇಳಿಸಲು ಅವನೇ ಕೈಹಾಕುತ್ತಿದ್ದ, ಒಂದೊಂದು ಕೈಗೆ ಎರಡೆರಡು ಎತ್ತುತ್ತಿದ್ದ. ಕಾರು ಗೇಟು ದಾಟುವಾಗ ಹಿಂದಿನಿಂದ ನೋಡಿದೆ. ಅವನೊಬ್ಬನೇ ಕೂತಾಗ ಬಲಕ್ಕೆ ಕುಸಿಯುತ್ತಿದ್ದ ಗಾಡಿ ಅವತ್ತು ಅಷ್ಟು ಕುಸಿದಿರಲಿಲ್ಲ. ಗೇಟಿನ ಹತ್ತಿರದ ನೆಲವೇ ಓರೆ ಎಂದು ನನಗೆ ನಾನೇ ಹೇಳಿಕೊಂಡು ಒಳಗೆ ಬಂದೆ.

ಆಮೇಲೆ ಅವನು ಸುಮ್ಮನಿದ್ದುಬಿಡುತ್ತಿದ್ದನೇನೋ. ಬಿಡದೇ ಇದ್ದವರು ಅತ್ತಿಗೆ. ಒಂದು ರಜೆಯ ದಿನ ಮಧ್ಯಾಹ್ನ ಇಬ್ಬರೂ ಬಂದರು. ಕಾರು ನಿಲ್ಲುವ ಮುಂಚೆಯೇ ಅತ್ತಿಗೆ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಅಣ್ಣ ತಮ್ಮ ಸೇರಿ ನನ್ನ ಬಾಗಿಲಿಂದ ಆಚೆ ಉರುಳಿಸ್ಬೇಕು ಅಂತಿದೀರಾ? ಮಡಿಲಲ್ಲಿರೋ ಬ್ಯಾಗು ಬುತ್ತಿ ಎಲ್ಲ ಈ ಕಡೆಗೇ ಜಾರ್ತದೆ. ಇವರನ್ನ ಕೇಳಿದ್ರೆ ನನ್ನ ತಮ್ಮ ಮಾಡಿಕೊಡಲ್ಲ ಅಂತಾನೆ ಅಂತಾರೆ."

ಸರಿ, ಈಗ ನನ್ನ ಮರ್ಯಾದೆಯ ಪ್ರಶ್ನೆ. ಶೆಡ್ಡಿನ ನೆಲದಲ್ಲಿ ಒಂದು ಜಾಗವನ್ನು ಮಟ್ಟಗೋಲು ಇಟ್ಟು ಸಿಮೆಂಟು ಹಾಕಿಸಿದ್ದೇನೆ. ಗಾಡಿಯನ್ನು ಅಲ್ಲಿಗೇ ತರಿಸಿದೆ. "ಇಬ್ಬರೂ ಇಳೀಬೇಡಿ" ಎಂದೆ. ಅಣ್ಣ ಆಗಲೇ ಬಾಗಿಲು ತೆಗೆದಿದ್ದ. ಚೀಲ ಇಡೋ ಎಂದ. ಅತ್ತಿಗೆ ಅವನ ತೋಳು ಹಿಡಿದು ಕೂರಿಸಿದರು. "ಐದು ನಿಮಿಷ ಕೂತ್ರೆ ನಿಮ್ಮ ಗಂಟೇನು ಹೋಗಲ್ಲ. ಕೂತ್ಕೊಳ್ಳಿ."

ಟೇಪು ಹಿಡಿದೆ. ಬಲಗಡೆ ಎತ್ತರ, ಎಡಗಡೆ ತಗ್ಗು. ಸಣ್ಣ ವ್ಯತ್ಯಾಸವೇ, ಅರ್ಧ ಬೆರಳಗಲ ಇರಬಹುದು. ಆದರೆ ನಾನು ಹೊಂದಿಸಿದ ಗಾಡಿಯಲ್ಲಿ ಅದು ಇರಕೂಡದು. ಮತ್ತೆ ಕೆಳಗೆ ಹೊಕ್ಕು ಗೆರೆಗಳನ್ನು ನೋಡಿದೆ. ಇಟ್ಟಲ್ಲೇ ಇದ್ದವು. ಸಿಟ್ಟು ನೆತ್ತಿಗೇರಿತು. ಬಳೆ ಸರಿದಿಲ್ಲ, ಸ್ಪ್ರಿಂಗು ಸೋತಿಲ್ಲ, ನೆಲ ಸಮ, ಗಾಳಿ ಸಮ. ಚೀಲ ಇಟ್ಟರೆ ಸಮ, ಇವರು ಕೂತರೆ ಓರೆ. ಹಾಗಾದರೆ ಐಬು ಇರುವುದು ಗಾಡಿಯಲ್ಲಲ್ಲ, ಮೇಲೆ ಹೇರಿದ ಸಾಮಾನಿನಲ್ಲಿ. ಇದನ್ನು ಅತ್ತಿಗೆಯ ಕಣ್ಣೆದುರೇ ತೋರಿಸಿಬಿಡಬೇಕು ಅನ್ನಿಸಿತು.

"ಅತ್ತಿಗೆ, ನೋಡ್ತಾ ಇರಿ. ಯಾರ ತಪ್ಪು ಅಂತ ಈಗ್ಲೇ ಗೊತ್ತಾಗ್ತದೆ" ಎಂದು ಒಂದು ಚೀಲ ತಂದು ಅಣ್ಣನ ಕಾಲ ಹತ್ತಿರ ಇಟ್ಟೆ. ಗಾಡಿಯನ್ನು ಒತ್ತಿ ಬಿಟ್ಟು ಅಳೆದೆ. ವ್ಯತ್ಯಾಸ ಕಡಿಮೆಯಾಯಿತು.

"ಸಾಕು ಬಿಡೋ" ಎಂದ ಅಣ್ಣ.

"ಸಾಕಾಗಿಲ್ಲ."

ಇನ್ನೊಂದು ತಂದು ಅದರ ಪಕ್ಕ ತುರುಕಿದೆ. ಇನ್ನೂ ಸ್ವಲ್ಪ ಉಳಿಯಿತು. ಮೂರನೆಯದಕ್ಕೆ ಕೆಳಗೆ ಜಾಗವಿರಲಿಲ್ಲ. "ತೊಡೆ ಮೇಲೆ ಇಟ್ಕೋ" ಎಂದು ಅವನ ಮಡಿಲಿಗೇ ಹೇರಿದೆ. ಅವನು ಬೇಡ ಎನ್ನಲಿಲ್ಲ. ಬಸ್ಸಿನಲ್ಲಿ ನಿಂತವರು ಕೊಟ್ಟ ಮಗುವನ್ನು ಹಿಡಿದುಕೊಳ್ಳುವ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡ. ನಾನು ಹಿಂದಕ್ಕೆ ಹೋಗಿ ಡಿಕ್ಕಿ ಒತ್ತಿದೆ, ಮುಂದಕ್ಕೆ ಬಂದು ಬಾನೆಟ್ಟು ಒತ್ತಿದೆ, ಮಂಡಿಯೂರಿ ಟೇಪು ಎಳೆದೆ. ಎಡ ಬಲ ಒಂದೇ.

ಎದ್ದವನೇ ಟಾಪಿನ ಮೇಲೆ ಅಂಗೈಯಿಂದ ಬಡಿದೆ. "ನೋಡಿದ್ರಾ ಅತ್ತಿಗೆ? ನನ್ನ ಕೆಲಸ ಒಂದು ನೂಲೂ ಆಚೀಚೆ ಆಗಿಲ್ಲ. ಮೂವತ್ತು ಕಿಲೋ ಹಾಕಿದ್ದೇ ತಡ, ಗಾಡಿ ಸಮ ನಿಂತ್ಕೊಳ್ತು."

ಮೀಸೆ ಇದ್ದಿದ್ದರೆ ತಿರುವುತ್ತಿದ್ದೆ. ಗೆದ್ದೆ ಎಂಬ ಖುಷಿ ನನಗೆ. ಬೇರೆ ಯಾವ ಕಸುಬಿನವನಾಗಿದ್ದರೂ ಮೊದಲನೇ ಚೀಲಕ್ಕೇ ಅಳೆಯುವುದು ಬಿಟ್ಟು ಅಣ್ಣನ ಮುಖ ನೋಡುತ್ತಿದ್ದ. ನಾನು ಟೇಪು ಮಾತ್ರ ನೋಡುತ್ತಿದ್ದೆ.

ಅತ್ತಿಗೆ ನನ್ನ ಕಡೆ ತಿರುಗಲಿಲ್ಲ. ಗಂಡನ ಮಡಿಲಲ್ಲಿದ್ದ ಚೀಲವನ್ನೇ ನೋಡುತ್ತಿದ್ದರು. ಕೈಚಾಚಿ ಅದರ ಹಿಡಿ ಹಿಡಿದು ತಮ್ಮ ಕಡೆಗೆ ಎಳೆದುಕೊಳ್ಳಲು ನೋಡಿದರು. ಒಂದು ಕೈಗೆ ಅದು ಬರಲಿಲ್ಲ.

"ಒಂದೊಂದು ಹತ್ತು ಕಿಲೋನೇನೋ ಇದು?"

"ತೂಗಿ ತುಂಬಿಸಿದ್ದು ಅತ್ತಿಗೆ, ಅನುಮಾನಾನೇ ಬೇಡ."

"ಮೂವತ್ತು ಕಿಲೋ" ಎಂದರು. ಆಮೇಲೆ ಅಣ್ಣನಿಗೆ, "ಎಂಟು ಕಿಲೋ ಇಳಿದಿದೀನಿ ಅಂದಿದ್ರಿ ನೀವು. ನಾನು ಡಿಪೋದಲ್ಲೆಲ್ಲ ಹೇಳ್ಕೊಂಡು ಬಂದೆ."

ಅಣ್ಣ ಮುಂದಿನ ಗಾಜಿನ ಆಚೆ ಗೋಡೆಗೆ ತೂಗುಹಾಕಿದ್ದ ಸ್ಪ್ಯಾನರುಗಳನ್ನು ನೋಡುತ್ತ ಕೂತಿದ್ದ. ಆ ಮೂವತ್ತು ಕಿಲೋ ಅಣ್ಣನ ಮೈಯಿಂದ ಹೋದದ್ದು ಎಂದು ನನಗೆ ಹೊಳೆದದ್ದು ಆಗ.

ಅತ್ತಿಗೆ ಅವನ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದರು. ಅವನು ತಡೆಯಲಿಲ್ಲ, ತಡೆಯೋಣವೆಂದರೆ ಮಡಿಲಲ್ಲಿ ಚೀಲವಿತ್ತು. ಕೋಟಿನ ಲೈನಿಂಗಿನ ಒಳಗೆ ಹೊಟ್ಟೆಯ ಸುತ್ತ, ಬೆನ್ನಿಗೆ, ಭುಜಕ್ಕೆ ಸ್ಪಂಜಿನ ಹಾಳೆಗಳನ್ನು ಇಟ್ಟು ಹೊಲಿದಿದ್ದ. ಒಳ್ಳೇ ಕೆಲಸ, ಹೊರಗಿನಿಂದ ಒಂದು ಸುಕ್ಕೂ ಕಾಣುತ್ತಿರಲಿಲ್ಲ. ರಾತ್ರಿ ದೀಪ ಆರಿಸಿದ ಮೇಲೇ ಅದನ್ನು ಬಿಚ್ಚುತ್ತಿದ್ದನಂತೆ, ಅತ್ತಿಗೆ ಆಮೇಲೆ ಹೇಳಿದರು. ಒಳಗಿನ ಅಂಗಿಯನ್ನು ಪಕ್ಕದ ಹೊಲಿಗೆಯಲ್ಲಿ ಒಳಕ್ಕೆ ಹಿಡಿದಿದ್ದ. ಒಂದು ಸಲವಲ್ಲ, ಹೊಲಿಗೆಯ ಪಕ್ಕ ಹೊಲಿಗೆ, ಅದರ ಪಕ್ಕ ಇನ್ನೊಂದು. ಹೆಚ್ಚಾದ ಬಟ್ಟೆಯನ್ನು ಕತ್ತರಿಸಿರಲಿಲ್ಲ, ಮಡಿಸಿ ಒಳಗೇ ಬಿಟ್ಟಿದ್ದ. ಮತ್ತೆ ಬಿಚ್ಚಬೇಕಾಗಬಹುದು ಎಂದು ದರ್ಜಿಗಳು ಬಿಡುತ್ತಾರಲ್ಲ, ಹಾಗೆ. ಅದನ್ನು ಕಂಡು ನನಗೆ ಅಳು ಬಂತು. ಸಾಯಲು ಹೊರಟವನು ಬಟ್ಟೆ ಯಾಕೆ ಉಳಿಸುತ್ತಾನೆ?

"ಯಾವಾಗಿಂದ?" ಎಂದರು ಅತ್ತಿಗೆ.

"ಚಳಿ ಶುರುವಾದಾಗಿಂದ."

"ಡಾಕ್ಟರ ಹತ್ರ ಹೋಗಿದ್ರಾ?"

"ಹೋಗಿದ್ದೆ. ಹೊಟ್ಟೇಲಿ ಗಡ್ಡೆ ಇದೆಯಂತೆ. ಆಪರೇಷನ್ ಅಂದ್ರು."

ನಾನು ಚೀಲವನ್ನು ಅವನ ಮಡಿಲಿನಿಂದ ಎತ್ತಿದೆ. ಎತ್ತಿ ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತೆ. "ಮತ್ಯಾಕೋ ಸುಮ್ನಿದ್ದೆ?" ಎಂದು ಕೂಗಿದೆ. ಅಣ್ಣನಿಗೆ ಯಾಕೋ ಎಂದು ನಾನು ಕೂಗಿದ್ದು ಅದೇ ಮೊದಲು.

"ಅಪ್ಪನ್ನ ನೆನಪಿಸ್ಕೋ" ಎಂದ ಅವನು, ಮೆಲ್ಲಗೆ. "ಅವರಿಗೂ ಇದೇ ಆಗಿದ್ದು. ಕುಯ್ದರು, ಹೊಲಿದರು, ಮತ್ತೆ ಕುಯ್ದರು. ಮಂಚದಿಂದ ಏಳ್ಲೇ ಇಲ್ಲ. ಕೊನೆಕೊನೆಗೆ ನನ್ನ ಗುರುತೂ ಸಿಕ್ತಿರ್ಲಿಲ್ಲ, ಟ್ಯೂಬು ಕಿತ್ಕೊಳ್ತಾರೆ ಅಂತ ನಾನೇ ಅವರ ಕೈ ಕಟ್ಟಿದೀನಿ. ನಾನು ಆ ಮಂಚಕ್ಕೆ ಹೋಗಲ್ಲ ಅಂದ್ಕೊಂಡೆ. ಇರೋಷ್ಟು ದಿನ ಇವಳನ್ನ ಡಿಪೋಗೆ ಬಿಟ್ಟು, ಅಂಗಡಿ ಬಾಗಿಲು ತೆಗೆದು ಇದ್ದುಬಿಡೋಣ ಅಂದ್ಕೊಂಡೆ."

ಅತ್ತಿಗೆ ಅಳಲಿಲ್ಲ. ಅವರ ದನಿ ಗಟ್ಟಿಯಾಯಿತು. "ಮಾವನವರನ್ನ ನೀವೊಬ್ರೇ ನೋಡ್ಕೊಂಡಿದ್ದಾ? ಅವರ ಹಾಸಿಗೆ ಬದಲಾಯಿಸಿದ್ದು ನಾನು, ಹೇಲು ಬಳಿದಿದ್ದು ನಾನು. ಒಂದು ದಿನ ಮುಖ ಸಿಂಡರಿಸಿದ್ನಾ? ನಿಮ್ಮನ್ನ ನೋಡ್ಕೊಳೋದು ನನ್ನ ಕೈಲಿ ಆಗಲ್ಲ ಅಂತ ನಿಮಗೆ ಯಾರು ಹೇಳಿದ್ದು?"

"ಹಾಗಲ್ವೇ."

"ಹಾಗೇ. ಪಕ್ಕದಲ್ಲಿ ಕೂರಿಸ್ಕೊಂಡು ಓಡಾಡ್ತೀರಿ, ಪಕ್ಕದಲ್ಲಿ ಇರೋಳಿಗೆ ಹೇಳಲ್ಲ. ಕಾರಿಗೆ ಇರೋ ನಿಯತ್ತು ನಿಮಗಿಲ್ಲ."

ಅಣ್ಣ ಹೆಂಡತಿಯ ಕೈ ಹಿಡಿದುಕೊಂಡ. ನಾನು ಅಲ್ಲಿರಬಾರದು ಅನ್ನಿಸಿ ಚೀಲ ಹೊತ್ತುಕೊಂಡು ಹಿಂದಿನ ಗೋಡೆಯ ಕಡೆಗೆ ಹೋದೆ. ಡಾಕ್ಟರು ಹೇಳಿದಾಗಲೇ ಅಣ್ಣ ಆಪರೇಷನ್ನಿಗೆ ಹೋಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಲೆಕ್ಕ ಹಾಕುತ್ತ ನಿಂತೆ. ಈಗಲೂ ಆಗಬಹುದು, ಈಗಿನ ಕಾಲದ ಡಾಕ್ಟರುಗಳು ಅಪ್ಪನ ಕಾಲದವರ ಹಾಗಲ್ಲ ಎಂದೂ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಅಣ್ಣನೇ ಕರೆದ.

"ಲೋ, ನಾಳೆ ಆಸ್ಪತ್ರೆಗೆ ಹೋಗ್ತೀವಿ. ನಾನೇ ಓಡಿಸ್ತೀನಿ. ಗಾಡಿ ಸರಿಮಾಡಿ ಕೊಡು."

ಮಾಡಿಕೊಟ್ಟೆ. ಅವನು ಚೀಲದ ಮಾತೆತ್ತಲಿಲ್ಲ, ಕೋಟು ಬಿಚ್ಚಿ ಹಿಂದಿನ ಸೀಟಿಗೆ ಎಸೆದು ತಾನೇ ಕೂತ. ಅಂಗಿಯಲ್ಲಿ ಅವನನ್ನು ನೋಡಲಾಗದೆ ನಾನು ಚಕ್ರದ ಹತ್ತಿರವೇ ಬಗ್ಗಿಕೊಂಡಿದ್ದೆ. ಬಲಗಡೆಯ ಮುಂದಿನದನ್ನು ಇಳಿಸಿದೆ, ಹಿಂದಿನದನ್ನು ಅದಕ್ಕಿಂತ ಸ್ವಲ್ಪ ಕಡಿಮೆ ಇಳಿಸಿದೆ. ಬಳೆ ತುಕ್ಕು ಹಿಡಿದು ಬಿಗಿದುಕೊಂಡಿತ್ತು. ವೈರ್ ಬ್ರಷ್ಷು ಹಾಕಿ ಉಜ್ಜಿ, ಎಣ್ಣೆ ಬಿಟ್ಟು, ಕಾದು ತಿರುಗಿಸಿದೆ. ಪ್ರತಿ ಸಲ ಗಾಡಿಯನ್ನು ಜಾಕಿಯಿಂದ ಇಳಿಸಿ, ತಳ್ಳಿ, ಅಳೆದೆ. ಆ ಎರಡು ಗಂಟೆ ಅಣ್ಣನೂ ಅತ್ತಿಗೆಯೂ ಅಕ್ಕಪಕ್ಕ ಕೂತಿದ್ದರು, ಒಂದು ಸಲವೂ ಇಳಿಯಲಿಲ್ಲ. ಹಳೇ ಬಿಳಿ ಗೆರೆಗಳನ್ನು ಅಳಿಸಿ ಹೊಸದಾಗಿ ಎಳೆದೆ. ಅವರು ಹೋಗುವಾಗ ಗೇಟಿನ ಹತ್ತಿರ ಕಾರು ನೆಟ್ಟಗೆ ಹೋಯಿತು. ಅಲ್ಲಿಯ ನೆಲ ಓರೆಯಿರಲಿಲ್ಲ.

ಆಸ್ಪತ್ರೆಯಲ್ಲಿ ಮೊದಲು ಮಾಡಿದ್ದು ಅವನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದ್ದು. ಮೊದಲು ನೋಡಿದ್ದ ಡಾಕ್ಟರೇ ಬಂದರು. ಹಳೇ ಕಾಗದ ನೋಡಿದರು, ಅವನ ಮೈ ನೋಡಿದರು. ಗಡ್ಡೆಯನ್ನು ಇನ್ನೂ ತೆಗೆಯಬಹುದೇನೋ, ಆದರೆ ಈ ಮೈ ಆ ಕತ್ತರಿಯನ್ನು ತಡೆಯುವುದಿಲ್ಲ ಎಂದರು. ಮೊದಲು ಮೈಗೆ ಶಕ್ತಿ ಬರಬೇಕು, ತೂಕ ಏರಬೇಕು, ಆಮೇಲೆ ಆಪರೇಷನ್ ಮಾತು. ಅವತ್ತು ಬಂದಿದ್ದರೆ ನಿಮ್ಮ ಮೈಯಲ್ಲಿದ್ದ ಮಾಂಸವೇ ನಿಮ್ಮನ್ನು ಕಾಯುತ್ತಿತ್ತು ಎಂದು ಕೂಡ ಹೇಳಿದರು. ಜೀವನವಿಡೀ ಜನ ಯಾವುದನ್ನು ನೋಡಿ ನಕ್ಕಿದ್ದರೋ ಅದು ಅವನನ್ನು ಉಳಿಸುತ್ತಿತ್ತು. ನನಗೆ ಆ ಡಾಕ್ಟರ ಮೇಲೂ ಸಿಟ್ಟು ಬಂತು, ಅಣ್ಣನ ಮೇಲೂ ಬಂತು, ಯಾರ ಮೇಲೆ ತೀರಿಸಿಕೊಳ್ಳಲಿ?

ಅಲ್ಲೇ ಉಳಿಸಿಕೊಂಡರು. ಟ್ಯೂಬಿನಲ್ಲಿ ಏನೇನೋ ಹಾಕಿದರು. ಒಂದು ವಾರ ತೂಕ ನಿಂತಿತು, ಒಂದೆರಡು ದಿನ ಏರಿತು ಕೂಡ. ಆ ದಿನ ಅತ್ತಿಗೆ ಫೋನು ಮಾಡಿ ನಕ್ಕರು. ಆಮೇಲೆ ಇಳಿಯಿತು. ನಾನು ಶೆಡ್ಡು ಮುಚ್ಚಿ ದಿನಾ ಹೋಗುತ್ತಿದ್ದೆ. ಅಣ್ಣ ನನ್ನ ಕೈ ನೋಡಿ, ಉಗುರು ಸರಿಯಾಗಿ ತೊಳ್ಕೋ, ಹೆಣ್ಣು ನೋಡೋಕೆ ಹೋಗೋನು ಹೀಗಾ ಹೋಗೋದು ಎಂದು ಇಪ್ಪತ್ತು ವರ್ಷದ ಹಿಂದೆ ಹೇಳಿದ್ದನ್ನೇ ಹೇಳುತ್ತಿದ್ದ. ಮೊದಮೊದಲು ತಮಾಷೆಗೆ ಹೇಳುತ್ತಿದ್ದಾನೆ ಅಂದುಕೊಂಡಿದ್ದೆ.

ಒಂದು ದಿನ ಮಧ್ಯಾಹ್ನ ಅತ್ತಿಗೆ ಒಬ್ಬರೇ ಕಾರು ತಂದರು. ಅವರಿಗೆ ಓಡಿಸಲು ಬರುತ್ತಿತ್ತು, ಅಣ್ಣ ಇರುವಾಗ ಓಡಿಸುವ ಪ್ರಸಂಗವೇ ಬಂದಿರಲಿಲ್ಲ. ಈಗ ಡಿಪೋದಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಮನೆ, ಎಲ್ಲ ಅವರೇ.

"ತಿರುಗಿಸೋವಾಗ ಮುಂದಿನ ಚಕ್ರ ಎಲ್ಲೋ ಉಜ್ಜುತ್ತೆ ಕಣೋ, ಬಲಗಡೇದು. ಕರ್ ಅಂತ ಸದ್ದು."

ಬಗ್ಗಿ ನೋಡಿದೆ. ಮಡ್‌ಗಾರ್ಡಿನ ಒಳಗೆ ಟೈರು ತಾಗಿ ಕಪ್ಪಾಗಿತ್ತು. ಯಾಕೆಂದು ನೋಡಿದ ಕೂಡಲೇ ತಿಳಿಯಿತು. ಸ್ಪ್ರಿಂಗನ್ನು ನಾನು ಅಣ್ಣನ ಕುಗ್ಗಿದ ತೂಕಕ್ಕೆ ಇಳಿಸಿದ್ದೆ. ಅವತ್ತು ಅವನು ಕೂತು ಸಮವಾಗಿದ್ದಾಗಲೂ ಆ ಮೂಲೆ ಮುಂಚಿಗಿಂತ ತಗ್ಗೇ, ಅವನು ತಿರುವಿನಲ್ಲಿ ಗಾಡಿಯನ್ನು ಹೂವಿನ ಹಾಗೆ ತಿರುಗಿಸುತ್ತಿದ್ದ. ಅತ್ತಿಗೆ ಅವಸರದಲ್ಲಿರುತ್ತಾರೆ, ಪಕ್ಕದ ಸೀಟೂ ಖಾಲಿ, ಭಾರವೆಲ್ಲ ಬಲಕ್ಕೇ ಬೀಳುತ್ತಿತ್ತು.

"ಒಂದು ಗಂಟೆ ಕೆಲಸ ಅತ್ತಿಗೆ. ನೀವು ಕೂತೇ ಇರಿ."

ಅವರು ಸ್ಟೀರಿಂಗ್ ಹಿಡಿದುಕೊಂಡು ಕೂತರು. ನಾನು ಚೀಲಗಳ ಹತ್ತಿರ ಹೋದೆ. ನನ್ನ ತಲೆಯಲ್ಲಿ ಇದ್ದದ್ದು ಇಷ್ಟು: ಅಣ್ಣ ಮನೆಗೆ ಬರುವಾಗ ಅತ್ತಿಗೆ ಓಡಿಸುತ್ತಾರೆ, ಅವನು ಎಡಗಡೆ ಕೂರುತ್ತಾನೆ. ಆಸ್ಪತ್ರೆಯಿಂದ ಬಂದವನಿಗೆ ಹೊಟ್ಟೆ ಕುಲುಕಬಾರದು, ಗಾಡಿ ಹೂವಿನ ಹಾಗೆ ಹೋಗಬೇಕು. ನಿನ್ನೆ ಎರಡು ಚಮಚ ಗಂಜಿ ಒಳಗೆ ಹೋಗಿತ್ತು ಎಂದು ನರ್ಸು ಹೇಳಿದ್ದರು. ನಾನು ಅದನ್ನೇ ಹಿಡಿದುಕೊಂಡಿದ್ದೆ.

"ಎಡಗಡೆ ಅಣ್ಣಂಗೆ ಎಷ್ಟು ಇಡ್ಲಿ ಅತ್ತಿಗೆ? ಐದು ಸಾಕಾ? ನಾಲ್ಕಾ?"

ಕೇಳುತ್ತಲೇ ಎರಡು ಕೈಗೂ ಒಂದೊಂದು ಚೀಲ ಹಿಡಿದು ಎಡಗಡೆಯ ಬಾಗಿಲ ಹತ್ತಿರ ಬಂದೆ. ಅತ್ತಿಗೆ ಮುಂದಿನ ಗಾಜನ್ನೇ ನೋಡುತ್ತಿದ್ದರು.

"ಏನೂ ಇಡ್ಬೇಡ" ಎಂದರು.

"ಬರೋವಾಗ ಕೂತ್ಕೋತಾನಲ್ಲ ಅತ್ತಿಗೆ."

"ಕೂತ್ಕೊಳಲ್ಲ. ಬೆಳಿಗ್ಗೆ ಡಾಕ್ಟರು ಒಳಗೆ ಕರ್ದು ಹೇಳಿದ್ರು. ಮನೆಗೆ ಕರ್ಕೊಂಡು ಹೋಗ್ಬೇಕು ಅಂದ್ರೆ ಹೋಗಿ, ಆದ್ರೆ ಮಲಗಿಸ್ಕೊಂಡೇ ಹೋಗ್ಬೇಕು, ನಮ್ಮ ಆಂಬುಲೆನ್ಸೇ ಕಳಿಸ್ತೀವಿ ಅಂದ್ರು. ನಾಳೆ ನಾಡಿದ್ದರಲ್ಲಿ ಯಾರ್ಯಾರು ನೋಡ್ಬೇಕೋ ನೋಡ್ಲಿ ಅಂದ್ರು." ಅವರ ಕೈ ಸ್ಟೀರಿಂಗ್ ಬಿಟ್ಟಿರಲಿಲ್ಲ. "ನಾನು ಆಮೇಲೂ ಕೆಲಸಕ್ಕೆ ಹೋಗ್ಬೇಕಲ್ಲೋ. ಒಬ್ಳೇ ಕೂತ್ರೆ ಹೇಗಿರ್ಬೇಕೋ ಹಾಗೆ ಮಾಡು."

ಚೀಲಗಳನ್ನು ಕೆಳಗಿಟ್ಟೆ. ಆ ಸೀಟಿನ ಮೇಲೆ ಕಾಲು ಚೀಲವಾದರೂ ಇಡುತ್ತೇನೆ, ಒಂದು ಹಿಡಿ ಮರಳಾದರೂ ಇಡುತ್ತೇನೆ ಎಂದು ಕೂಗಬೇಕು ಅನ್ನಿಸಿತು. ಬಲಗಡೆಯ ಚಕ್ರದ ಹತ್ತಿರ ಕೂತು ಅತ್ತೆ, ಅಳುತ್ತಲೇ ಬೀಗದ ಬಳೆ ಸಡಿಲಿಸಿದೆ. ಮೇಲಿನ ಬಳೆಯನ್ನು ಎರಡು ಸುತ್ತು ಮೇಲೆತ್ತಿ, ಗಾಡಿಯನ್ನು ಜಾಕಿಯಿಂದ ಇಳಿಸಿ, ತಳ್ಳಿ, ಟೇಪು ಹಿಡಿದೆ. ಅಷ್ಟು ಹೊತ್ತಿನಲ್ಲಿ ಅಣ್ಣ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಇನ್ನೂ ಉಸಿರಾಡುತ್ತಿದ್ದ, ನಾನು ಅವನಿಲ್ಲದ ಕಾರಿಗೆ ಅಳತೆ ತೆಗೆದುಕೊಂಡೆ.